ಮುಚ್ಚಳಿಕೆ ಮುರಿದವನಿಗೆ ಮದ್ದೇನು?

ಕಳೆದ ಮಳೆಗಾಲದ ಒಂದು ಸಂಜೆ, ಕಾರ್ಕಳದ ನನ್ನ ಚಿಕಿತ್ಸಾಲಯದ ಬಾಗಿಲು ಹಾಕುವ ಹೊತ್ತಿಗೆ, ಬಾಗಲಕೋಟೆ ಕಡೆಯ ಸದ್ಭಕ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಮಠದ ಸಂಬಂಧದಿಂದ ಪರಿಚಿತರು. ಮಗ ಮಣಿಪಾಲದಲ್ಲಿ ಓದುತ್ತಿದ್ದಾನೆಂದು ಮಾತ್ರ ನನಗೆ ತಿಳಿದಿತ್ತು. ಹುಡುಗನನ್ನು ಹೊರಗೆ ಕೂರಿಸಿ ತಾವೊಬ್ಬರೇ ಒಳಬಂದವರು, ಬಹಳ ಹೊತ್ತು ಮಾತನಾಡದೆ ಕುಳಿತು, ಕೊನೆಗೆ ಹೇಳಿದರು: "ಸಾಹೇಬ್ರ, ನಮ್ಮ ಹುಡುಗ ನಿಮ್ಮ ಔಷಧದಿಂದ ಪೂರ್ತಿ ಆರಾಮ ಆಗ್ಯಾನಂತ ಒಂದು ಸರ್ಟಿಫಿಕೇಟ್ ಬರದ್ ಕೊಡ್ರಿ. ಕೋರ್ಟಿಗೆ ಅಷ್ಟ ಸಾಕು."

ನಾನು ಆ ಹುಡುಗನಿಗೆ ಅದುವರೆಗೆ ಒಂದು ಗುಳಿಗೆಯನ್ನೂ ಕೊಟ್ಟವನಲ್ಲ.

ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಅನುಮತಿಯಿಂದಲೇ ಈ ಪ್ರಸಂಗವನ್ನು ಬರೆಯುತ್ತಿದ್ದೇನೆ. ಹುಡುಗ ಗಾಂಜಾ ಸೇವನೆಯ ಪ್ರಕರಣದಲ್ಲಿ ಸಿಕ್ಕಿಬಿದ್ದು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿದ್ದ. ನ್ಯಾಯಾಲಯವು ಅವನನ್ನು ಸೆರೆಮನೆಗೆ ಕಳುಹಿಸದೆ, ಚಿಕಿತ್ಸೆ ಪಡೆದು ವರದಿಯೊಂದಿಗೆ ಬರುವಂತೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತ್ತು. ಆಸ್ಪತ್ರೆಯೊಂದರಲ್ಲಿ ಒಂದು ತಿಂಗಳು ಒಳರೋಗಿಯಾಗಿದ್ದು ಬಂದ ಹುಡುಗ ಐದು ತಿಂಗಳು ಗಾಂಜಾ ಮುಟ್ಟಲಿಲ್ಲ. ಪರೀಕ್ಷೆಯಲ್ಲಿ ಎರಡು ವಿಷಯಗಳು ಹೋದ ದಿನ, ಹಳೆಯ ಗೆಳೆಯನ ಕೊಠಡಿಯಲ್ಲಿ ಮತ್ತೆ ಸೇದಿದ. ಒಮ್ಮೆ ಸೇದಿದವನು ವಾರದೊಳಗೆ ದಿನವೂ ಸೇದತೊಡಗಿದ. ಆಸ್ಪತ್ರೆಗೆ ಹೋಗುವುದನ್ನು ಬಿಟ್ಟ. ಈಗ ವಾಯಿದೆಗೆ ಇಪ್ಪತ್ತೆರಡು ದಿನಗಳಿದ್ದವು. ತಂದೆಗೆ ನಿಜ ತಿಳಿದದ್ದು ಅದಕ್ಕೆ ಎರಡು ದಿನ ಮೊದಲು.

ಇಂಥ ತಂದೆ-ತಾಯಿಯರು ನಮ್ಮ ಭಕ್ತಸಮುದಾಯದಲ್ಲಿ ಇವರೊಬ್ಬರೇ ಅಲ್ಲ. ಉತ್ತರ ಕರ್ನಾಟಕದಿಂದ ಎಷ್ಟೋ ಮಕ್ಕಳು ಮಣಿಪಾಲ, ಉಡುಪಿ, ಮಂಗಳೂರುಗಳಿಗೆ ಓದಲು ಬರುತ್ತಾರೆ. ಗಾಂಜಾ ಸೇವನೆಗಾಗಿ ಯುವಕರು ಸಿಕ್ಕಿಬಿದ್ದ ಸುದ್ದಿ ಮಣಿಪಾಲದಿಂದಲೂ ಕಾಪು, ಕಾರ್ಕಳಗಳಿಂದಲೂ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಆದ್ದರಿಂದ ಆ ಸಂಜೆ ನಾನು ಆ ತಂದೆಗೆ ಹೇಳಿದ್ದನ್ನೂ, ಅನಂತರ ಯೋಚಿಸಿದ್ದನ್ನೂ ಇಲ್ಲಿ ಬರೆಯುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಕಾನೂನು ಏನನ್ನು ಹೇಳುತ್ತದೆ?

ನಮ್ಮ ಜನ ಎಲ್ಲವನ್ನೂ 'ಬೇಲ್' ಎಂದೇ ಕರೆಯುತ್ತಾರೆ. ಆದರೆ ಇಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳಿವೆ. ವಿಚಾರಣೆ ಮುಗಿಯುವ ಮೊದಲು ಆರೋಪಿಗೆ ಸಿಗುವುದು ಜಾಮೀನು. ಶಿಕ್ಷೆ ಅನುಭವಿಸುತ್ತಿರುವ ಕೈದಿಯನ್ನು ಕಾರಾಗೃಹದ ನಿಯಮಗಳಂತೆ ಕೆಲವು ದಿನಗಳ ಮಟ್ಟಿಗೆ ಹೊರಬಿಡುವುದು ಪೆರೋಲ್. ಮೂರನೆಯದು ಈ ಹುಡುಗನದು: ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ ಶಿಕ್ಷೆ ವಿಧಿಸದೆ ಚಿಕಿತ್ಸೆಗೆ ಕಳುಹಿಸುವುದು. ಮೂರರಲ್ಲಿಯೂ ಷರತ್ತುಗಳಿರುತ್ತವೆ. ಷರತ್ತು ಮುರಿದರೆ ಸೆರೆಮನೆಯ ಬಾಗಿಲು ತೆರೆದೇ ಇರುತ್ತದೆ.

1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ಪದಾರ್ಥಗಳ ಕಾಯ್ದೆಯನ್ನು ನಾವು ಎನ್‌ಡಿಪಿಎಸ್ ಕಾಯ್ದೆ ಎಂದು ಕೇಳಿದ್ದೇವೆ. ಅದು ಬಹು ಕಠಿಣವಾದ ಕಾಯ್ದೆ. 20 ಕಿಲೋಗಿಂತ ಹೆಚ್ಚಿನ ಗಾಂಜಾ ವಾಣಿಜ್ಯ ಪ್ರಮಾಣವೆನಿಸುತ್ತದೆ. ಅದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸೆರೆವಾಸ. ಅದು ಹಾಗೆಯೇ ಇರಲಿ. ಮಕ್ಕಳ ಬದುಕನ್ನು ಮಾರಿ ಹಣ ಮಾಡುವವನ ಮೇಲೆ ನನಗೆ ಕನಿಕರವಿಲ್ಲ. ಆದರೆ ಅದೇ ಕಾಯ್ದೆಯು ಮಾರುವವನನ್ನೂ ಸೇವಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ ಎಂಬುದನ್ನು ಬಹುಮಂದಿ ಅರಿಯರು. ಗಾಂಜಾ ಸೇವನೆಗೆ 27ನೆಯ ಕಲಂ ವಿಧಿಸುವುದು ಗರಿಷ್ಠ ಆರು ತಿಂಗಳ ಸೆರೆ, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ.

ಇನ್ನು 39ನೆಯ ಕಲಂ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದವನು ವ್ಯಸನಿಯಾಗಿದ್ದರೆ, ಅವನ ವಯಸ್ಸು, ನಡತೆ, ಪೂರ್ವಚರಿತ್ರೆ, ದೇಹ-ಮನಸ್ಸುಗಳ ಸ್ಥಿತಿಯನ್ನು ನೋಡಿ, ಅವನ ಒಪ್ಪಿಗೆಯಿಂದ, ಸರ್ಕಾರ ನಡೆಸುವ ಅಥವಾ ಸರ್ಕಾರದ ಮನ್ನಣೆಯಿರುವ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯಲು ನ್ಯಾಯಾಲಯ ಅವನನ್ನು ಬಿಡಬಹುದು. ಒಂದು ವರ್ಷ ಮೀರದ ಅವಧಿಯೊಳಗೆ ಚಿಕಿತ್ಸೆಯ ಫಲದ ವರದಿಯೊಂದಿಗೆ ಅವನು ಹಾಜರಾಗಬೇಕು. ಆ ನಡುವೆ ಕಾಯ್ದೆಯ ಇಂಥ ಯಾವ ಅಪರಾಧವನ್ನೂ ಮಾಡಕೂಡದು. ವರದಿ ತೃಪ್ತಿಕರವೆನಿಸಿದರೆ, ಬುದ್ಧಿ ಹೇಳಿ, ಮೂರು ವರ್ಷ ಮೀರದ ಇನ್ನೊಂದು ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಆ ಅವಧಿಯಲ್ಲಿ ತಪ್ಪಿದರೆ ಕರೆದಾಗ ಬಂದು ಶಿಕ್ಷೆ ಪಡೆಯಬೇಕು. ಇದಲ್ಲದೆ 64ಎ ಎಂಬ ಕಲಮೂ ಇದೆ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದು ಅದನ್ನು ಪಡೆಯುವ ವ್ಯಸನಿಗೆ ಇಂಥ ಸಣ್ಣ ಪ್ರಕರಣಗಳಲ್ಲಿ ವಿಚಾರಣೆಯಿಂದಲೇ ರಕ್ಷಣೆ ದೊರೆಯುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಆ ರಕ್ಷಣೆಯನ್ನು ಹಿಂತೆಗೆಯಬಹುದು.

ಕಾನೂನು ಕಣ್ಣಿದ್ದೂ ಕುರುಡಾಗಿದೆಯೆಂದು ನಾನು ಹೇಳಲಾರೆ. ವ್ಯಸನ ರೋಗವೆಂಬುದನ್ನು ಅದು ಒಪ್ಪಿಕೊಂಡಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಮದ್ಯ ಹಾಗೂ ಮಾದಕ ದ್ರವ್ಯಗಳ ದುರ್ಬಳಕೆಯೊಂದಿಗೆ ಬರುವ ಮಾನಸಿಕ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿದೆ. ತೊಡಕಿರುವುದು ಬೇರೆಡೆ. ರೋಗ ಮರುಕಳಿಸುವುದು ವೈದ್ಯನ ಕಣ್ಣಿಗೆ ರೋಗದ ಸ್ವಭಾವ. ಅದೇ ಮರುಕಳಿಕೆ ಮುಚ್ಚಳಿಕೆಯ ಕಣ್ಣಿಗೆ ಹೊಸ ಅಪರಾಧ. ಒಂದೇ ಘಟನೆಗೆ ಎರಡು ಹೆಸರು. ಈ ಎರಡರ ನಡುವೆ ಸಿಕ್ಕಿಕೊಂಡವನು ಮಾಡುವ ಮೊದಲ ಕೆಲಸವೆಂದರೆ ಬಚ್ಚಿಡುವುದು.

ಚರಕಾಚಾರ್ಯರು ಕಂಡ ಮರುಕಳಿಕೆ

ಬಿಟ್ಟವನು ಮತ್ತೆ ಹಿಡಿಯುವುದು ಈ ಕಾಲದ ದೌರ್ಬಲ್ಯವಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಮದಾತ್ಯಯ, ಅಂದರೆ ಮದ್ಯದಿಂದಾಗುವ ವ್ಯಾಧಿಗಳಿಗೇ ಮೀಸಲಾದುದು. ಮದ್ಯವನ್ನು ನಿಲ್ಲಿಸಿದ್ದವನು ಒಮ್ಮೆಗೇ ಅತಿಯಾಗಿ ಕುಡಿದರೆ ಬರುವ ಎರಡು ರೋಗಗಳನ್ನು ಆಚಾರ್ಯರು ಅಲ್ಲಿ ಪ್ರತ್ಯೇಕವಾಗಿ ಹೆಸರಿಸಿದ್ದಾರೆ: ಧ್ವಂಸಕ ಮತ್ತು ವಿಕ್ಷಯ. ಮೊದಲನೆಯದರಲ್ಲಿ ಕಫದ ಸ್ರಾವ, ಗಂಟಲು-ಬಾಯಿ ಒಣಗುವಿಕೆ, ಸದ್ದನ್ನು ಸಹಿಸಲಾಗದಿರುವಿಕೆ, ಅತಿಯಾದ ತೂಕಡಿಕೆ. ಎರಡನೆಯದರಲ್ಲಿ ಎದೆ-ಗಂಟಲಿನ ಬಾಧೆ, ಮಂಕು, ವಾಂತಿ, ಮೈನೋವು, ಜ್ವರ, ಬಾಯಾರಿಕೆ, ತಲೆನೋವು. ಬಿಟ್ಟು ಮತ್ತೆ ಹಿಡಿದವನ ಅವಸ್ಥೆ ಮೊದಲಿಗಿಂತ ಕಷ್ಟಕರವೆಂದು ಕಂಡ ಆ ಪ್ರಾಚೀನ ವೈದ್ಯ, ಅವನನ್ನು ಬೈದು ಹೊರಗಟ್ಟಲಿಲ್ಲ. ಅವನಿಗೂ ಚಿಕಿತ್ಸೆಯನ್ನು ಬರೆದಿಟ್ಟ.

ಆಧುನಿಕ ವೈದ್ಯವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಕೆಲವು ತಿಂಗಳು ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹೆರಾಯಿನ್‌ನಂಥ ಅಫೀಮು ವರ್ಗದ ವ್ಯಸನಿಗಳಲ್ಲಿ ಸೆರೆಮನೆಯಿಂದ ಹೊರಬಂದ ಮೊದಲ ಎರಡು ವಾರಗಳು ಅತ್ಯಂತ ಅಪಾಯದ ಕಾಲ. ಹಳೆಯ ಅಳತೆಯನ್ನೇ ಒಮ್ಮೆಗೆ ತೆಗೆದುಕೊಂಡು ಉಸಿರು ನಿಂತು ಸಾಯುವವರಿದ್ದಾರೆ. ಆದ್ದರಿಂದ ಇಂಥ ವ್ಯಸನಿಯನ್ನು ಸೆರೆಯಲ್ಲಿಟ್ಟು ಬಿಡುವುದರಿಂದಲೇ ವ್ಯಸನ ಹೋಯಿತೆಂದು ತಿಳಿಯುವುದು ಪ್ರಾಣಾಂತಿಕ ಭ್ರಮೆ.

ಗಾಂಜಾದಿಂದ ಹಾಗೆ ತಟ್ಟನೆ ಸಾವು ಬರುವುದಿಲ್ಲ ನಿಜ. ಅದರ ಹಿಡಿತ ಬೇರೆ ಬಗೆಯದು. ಶಾರ್ಙ್ಗಧರ ಸಂಹಿತೆಯು ಜೀರ್ಣವಾಗುವ ಮೊದಲೇ ಸರ್ವಾಂಗವನ್ನೂ ವ್ಯಾಪಿಸುವ 'ವ್ಯವಾಯಿ' ದ್ರವ್ಯಕ್ಕೆ ಉದಾಹರಣೆಯಾಗಿ ಭಂಗಿಯನ್ನೂ ಅಫೀಮನ್ನೂ ಹೇಳುತ್ತದೆ. ನಿತ್ಯ ಸೇದುವವನು ಬಿಟ್ಟಾಗ ಒಂದೆರಡು ದಿನಗಳಲ್ಲಿ ಸಿಡುಕು, ನಿದ್ರಾಹೀನತೆ, ಹಸಿವಿಲ್ಲದಿರುವುದು, ಚಡಪಡಿಕೆ ಆರಂಭವಾಗಿ, ಮೊದಲ ವಾರದಲ್ಲಿ ಏರಿ, ಸುಮಾರು ಎರಡು ವಾರಗಳಲ್ಲಿ ಇಳಿಯುತ್ತವೆ. 'ನಮ್ಮ ಶಿವನಿಗೇ ಪ್ರಿಯವಾದದ್ದು, ಆಯುರ್ವೇದದಲ್ಲಿಯೂ ವಿಜಯಾ ಎಂಬ ಔಷಧಿಯೇ' ಎಂದು ವಾದಿಸುವ ತರುಣರು ನನ್ನಲ್ಲಿಗೆ ಬರುತ್ತಾರೆ. ವತ್ಸನಾಭವೂ ಆಯುರ್ವೇದದ ಔಷಧಿಯೇ. ಶೋಧಿಸಿ, ಅಳೆದು, ರೋಗಿಯನ್ನು ನೋಡಿ ಕೊಡುವುದಕ್ಕೂ ಕೊಠಡಿಯ ಬಾಗಿಲು ಹಾಕಿಕೊಂಡು ಸೇದುವುದಕ್ಕೂ ಸಂಬಂಧವಿಲ್ಲ ಎಂದಷ್ಟೇ ಅವರಿಗೆ ಹೇಳುತ್ತೇನೆ.

ಇಲ್ಲಿ ವಕೀಲರೂ ಪಾಲಕರೂ ತಿಳಿದಿರಬೇಕಾದ ಒಂದು ಸಂಗತಿಯಿದೆ. ಗಾಂಜಾದ ಅಂಶ ದೇಹದ ಮೇದಸ್ಸಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಬಹುಕಾಲ ದಿನವೂ ಸೇದಿದವನು ಪೂರ್ತಿ ಬಿಟ್ಟ ಮೇಲೆಯೂ ಕೆಲವು ವಾರಗಳವರೆಗೆ ಮೂತ್ರ ಪರೀಕ್ಷೆಯಲ್ಲಿ ಅದು ಕಾಣಿಸಬಹುದು. ಒಂದು 'ಪಾಸಿಟಿವ್' ವರದಿ ಮಾತ್ರದಿಂದ ನಿನ್ನೆ ಸೇದಿದನೆಂದು ನಿರ್ಣಯಿಸಲಾಗದು. ಷರತ್ತು ಮುರಿದನೆಂದು ತೀರ್ಮಾನಿಸುವ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರ ಅಭಿಪ್ರಾಯವನ್ನು ಕೇಳುವುದು ಅವಶ್ಯವೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ನನ್ನ ತಪ್ಪೊಂದು

ಪರರಿಗೆ ಉಪದೇಶಿಸುವ ಮೊದಲು ನನ್ನದನ್ನು ಹೇಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ ಕಾಪುವಿನಿಂದ ಒಬ್ಬರು ತಮ್ಮ ತಮ್ಮನನ್ನು ಕರೆತಂದಿದ್ದರು. ಬೆಳಗಿನಿಂದ ರಾತ್ರಿಯವರೆಗೆ ಕುಡಿಯುವವನು. ಯೌವನದ ಆತ್ಮವಿಶ್ವಾಸದಿಂದ ನಾನು, ಇಂದಿನಿಂದಲೇ ಹನಿಯೂ ಮುಟ್ಟಕೂಡದೆಂದು ಹೇಳಿ ಕಷಾಯ ಕೊಟ್ಟು ಕಳುಹಿಸಿದೆ. ಎರಡನೆಯ ದಿನ ಅವನಿಗೆ ಫಿಟ್ಸ್ ಬಂದಿತು. ನೆರೆಯವರು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದದ್ದರಿಂದ ಉಳಿದುಕೊಂಡ. ಚರಕರು ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ, ರೂಢಿಯಾದ ಅಹಿತವನ್ನು ಪಾದಪಾದವಾಗಿ, ಕ್ರಮಕ್ರಮವಾಗಿ ಬಿಡಬೇಕೆಂದು ಹೇಳಿರುವುದನ್ನು ಪರೀಕ್ಷೆಗೆ ಕಂಠಪಾಠ ಮಾಡಿದ್ದ ನಾನು, ರೋಗಿಯ ಮುಂದೆ ಮರೆತಿದ್ದೆ.

ಅಂದಿನಿಂದ ನನ್ನ ನಿಯಮ ಇದು. ಹಲವು ವರ್ಷ ನಿತ್ಯ ಕುಡಿದವನು, ಅಫೀಮು ವರ್ಗದ ಅಥವಾ ನಿದ್ರಾಗುಳಿಗೆಗಳ ವ್ಯಸನಿ ಇವರ ಮೊದಲ ದಿನಗಳು ಆಸ್ಪತ್ರೆಯಲ್ಲಿ, ಮನೋವೈದ್ಯರ ಕಣ್ಣೆದುರಿನಲ್ಲಿಯೇ ಕಳೆಯಬೇಕು. ನನ್ನ ಶಾಸ್ತ್ರಕ್ಕೆ ಅನಂತರ ಬೇಕಾದಷ್ಟು ಕೆಲಸವಿದೆ: ಕೆಟ್ಟ ಜಠರಾಗ್ನಿಯನ್ನು ಸರಿಪಡಿಸುವುದು, ನಿದ್ರೆಯನ್ನು ಹಾದಿಗೆ ತರುವುದು, ದಿನಚರಿಯನ್ನು ಕಟ್ಟುವುದು, ಸತ್ತ್ವಾವಜಯ, ಅಂದರೆ ಮನಸ್ಸನ್ನು ಅಹಿತದಿಂದ ಹಿಂತೆಗೆಯುವ ಅಭ್ಯಾಸವನ್ನು ಕಲಿಸುವುದು. ವ್ಯಸನವನ್ನು ಮೂರು ದಿನಗಳಲ್ಲಿ ಬಿಡಿಸುವೆನೆಂದು, ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿ ಕೊಡುವೆನೆಂದು ಹೇಳುವವರನ್ನು ನಂಬಬೇಡಿ, ಅವರು ಯಾವ ಪದ್ಧತಿಯ ಹೆಸರು ಹೇಳಿದರೂ.

ಆ ಸಂಜೆ ನಾನು ಹೇಳಿದ್ದು

ಸರ್ಟಿಫಿಕೇಟ್ ಬರೆಯಲಾರೆನೆಂದು ಹೇಳಿದೆ. ಅದು ಸುಳ್ಳು. ಮೇಲಾಗಿ 39ನೆಯ ಕಲಂ ಕೇಳುವುದು ಸರ್ಕಾರದ ಮನ್ನಣೆಯುಳ್ಳ ಸಂಸ್ಥೆಯ ಚಿಕಿತ್ಸೆಯ ವರದಿಯನ್ನು. ನನ್ನಂಥ ಒಂಟಿ ವೈದ್ಯನ ಚೀಟಿಗೆ ಅಲ್ಲಿ ಬೆಲೆಯಿಲ್ಲ. ಸುಳ್ಳು ಬಯಲಾದರೆ ಹುಡುಗನ ಮೇಲೆ ನ್ಯಾಯಾಲಯ ಇಟ್ಟ ನಂಬಿಕೆಯೇ ಹೋಗುತ್ತದೆ. ತಂದೆಯ ಮುಖ ಕಪ್ಪಿಟ್ಟಿತು. "ಹಂಗಾದ್ರ ಅವನ್ನ ಊರಿಗೆ ಕರಕೊಂಡು ಹೋಗಿ ಬಿಡ್ತೀನ್ರಿ, ಯಾರ ಕೈಗೂ ಸಿಗಬಾರ್ದು" ಎಂದರು.

ಇದು ಇನ್ನೂ ದೊಡ್ಡ ತಪ್ಪು. ಮರುಕಳಿಕೆಗೆ ನ್ಯಾಯಾಧೀಶರು ವಿವೇಚನೆಯಿಂದ ದಯೆ ತೋರಬಹುದು. ವಾಯಿದೆಗೆ ಹಾಜರಾಗದೆ ತಲೆಮರೆಸಿಕೊಂಡವನಿಗೆ ವಾರಂಟ್ ಹೊರಡುತ್ತದೆ, ಜಾಮೀನು ನಿಂತವರಿಗೂ ತೊಂದರೆ ತಟ್ಟುತ್ತದೆ. ಒಳಗೆ ವ್ಯಸನವೂ ಹೊರಗೆ ಭಯವೂ ಬೆನ್ನಟ್ಟಿದಾಗ ಆ ವಯಸ್ಸಿನ ಹುಡುಗ ಏನು ಮಾಡಿಕೊಂಡಾನೆಂದು ಹೇಳಲು ಬಾರದು. ನಾನು ಹುಡುಗನನ್ನು ಒಳಕರೆದು ಕೇಳಿದೆ: "ಈಗ ನಿನಗೆ ಯಾವುದರ ಭಯ ಹೆಚ್ಚು, ಜೈಲಿನದೋ ಗಾಂಜಾದ್ದೋ?" ತಲೆ ತಗ್ಗಿಸಿಯೇ ಅವನು ಹೇಳಿದ: "ಅಪ್ಪಾಜಿ ಮುಖಾ ನೋಡೋದು ಭಯ ಆಗತೈತ್ರಿ." ತಂದೆ ಆಗ ಅತ್ತರು.

ನಾನು ಸೂಚಿಸಿದ ಕ್ರಮ ಸರಳವಾದುದು. ನಾಳೆಯೇ ಮೊದಲು ಚಿಕಿತ್ಸೆ ಮಾಡಿದ ಮನೋವೈದ್ಯರ ಬಳಿಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳುವುದು. ರೋಗಿಯ ಗುಟ್ಟನ್ನು ಕಾಯುವ ಹೊಣೆ ವೈದ್ಯರಿಗಿದೆ. ಅಂದೇ ವಕೀಲರಿಗೂ ತಿಳಿಸುವುದು; ನ್ಯಾಯಾಲಯದ ಮುಂದೆ ಏನನ್ನು, ಯಾವಾಗ, ಹೇಗೆ ಇಡಬೇಕೆಂಬುದನ್ನು ಅವರು ನಿರ್ಧರಿಸಲಿ. ಮತ್ತೆ ಒಳರೋಗಿಯಾಗಿ ಸೇರಬೇಕೆಂದರೆ ಸೇರುವುದು. ವಾಯಿದೆಯ ದಿನ ತಂದೆ-ಮಗ ಇಬ್ಬರೂ ತಪ್ಪದೆ ಹಾಜರಿರುವುದು. ನಾನು ಅವರ ಮುಂದೆಯೇ ದೂರವಾಣಿ ಮಾಡಿ ಮರುದಿನಕ್ಕೆ ಸಮಯ ಕೇಳಿದೆ.

ವೈದ್ಯರು ತಮ್ಮ ವರದಿಯಲ್ಲಿ ಯಾವುದನ್ನೂ ಮುಚ್ಚಿಡಲಿಲ್ಲ. ಐದು ತಿಂಗಳು ಬಿಟ್ಟಿದ್ದನ್ನೂ, ಜಾರಿದ್ದನ್ನೂ, ತಾನಾಗಿ ಹಿಂದಿರುಗಿ ಚಿಕಿತ್ಸೆಗೆ ಸೇರಿದ್ದನ್ನೂ ಬರೆದರು. ನ್ಯಾಯಾಲಯ ಆ ವರದಿಯನ್ನು ಸ್ವೀಕರಿಸಿ, ಕಟುವಾಗಿಯೇ ಬುದ್ಧಿ ಹೇಳಿ, ಮತ್ತೊಂದು ಮುಚ್ಚಳಿಕೆ ಬರೆಸಿಕೊಂಡಿತು. ಎಲ್ಲ ಪ್ರಕರಣಗಳಲ್ಲಿಯೂ ಹೀಗೆಯೇ ಆಗುವುದೆಂದು ನಾನು ಭರವಸೆ ಕೊಡಲಾರೆ. ಅದು ಆಯಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಹುಡುಗ ಗೆದ್ದನೆಂದೂ ಹೇಳಲಾರೆ. ಅವನು ಕೊಠಡಿ ಬದಲಿಸಿದ್ದಾನೆ. ತಾಯಿ ಬಂದು ಜೊತೆಗಿದ್ದಾರೆ. ತಿಂಗಳಿಗೊಮ್ಮೆ ನನ್ನಲ್ಲಿಗೂ ಬಂದು, ನಿದ್ರೆ ಹೇಗಿದೆಯೆಂದು ಹೇಳಿ ಹೋಗುತ್ತಾನೆ.

ಭಯ ಬೇಡವೇ?

'ಹೀಗೆ ಜಾರಿದವರನ್ನೆಲ್ಲ ಕ್ಷಮಿಸುತ್ತ ಹೋದರೆ ಭಯವೆಲ್ಲಿ ಉಳಿಯಿತು?' ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಭಯ ಬೇಕು. ಆದರೆ ಭಯವು ವ್ಯಸನಿಯನ್ನು ಚಿಕಿತ್ಸೆಯ ಕಡೆಗೆ ಓಡಿಸಬೇಕು, ಚಿಕಿತ್ಸೆಯಿಂದ ದೂರ ಓಡಿಸಬಾರದು. ಜಾರಿದೆನೆಂದು ಹೇಳಿದವನಿಗೂ ಜಾರಿಲ್ಲವೆಂದು ಸುಳ್ಳು ಹೇಳಿದವನಿಗೂ ಒಂದೇ ಶಿಕ್ಷೆಯಾದರೆ ನಿಜ ಹೇಳುವವರಾರು? ನನ್ನ ಮಟ್ಟಿಗೆ ಮುಚ್ಚಳಿಕೆಯ ನಿಜವಾದ ಉಲ್ಲಂಘನೆಯೆಂದರೆ ಚಿಕಿತ್ಸೆಯನ್ನು ಬಿಟ್ಟು ಬಚ್ಚಿಟ್ಟುಕೊಳ್ಳುವುದು. ಹಾಗೆ ಮಾಡಿದವನನ್ನು ಕಾನೂನು ಹಿಡಿಯಲಿ. ಜಾರಿ, ಎದ್ದು, ತಾನಾಗಿ ಬಂದವನಿಗೆ ಚಿಕಿತ್ಸೆಯನ್ನು ಬಿಗಿಗೊಳಿಸಲಿ.

ಇದಕ್ಕಾಗಿ ಹೊಸ ಕಾಯ್ದೆ ಬೇಕಿಲ್ಲ. ಇರುವ 39 ಮತ್ತು 64ಎ ಕಲಂಗಳನ್ನು ಪೊಲೀಸರು, ವಕೀಲರು, ಕಾಲೇಜುಗಳು ಆರೋಪಿಯ ಮನೆಯವರಿಗೆ ಮೊದಲ ದಿನವೇ ತಿಳಿಸಲಿ. ನಾನು ಕಾರ್ಕಳದಿಂದ ಮಣಿಪಾಲಕ್ಕೆ ಹೋಗುವಾಗ ಬಸ್ಸು ಹಿರಿಯಡಕವನ್ನು ಹಾದು ಹೋಗುತ್ತದೆ. ಜಿಲ್ಲೆಯ ಕಾರಾಗೃಹ ಇರುವುದು ಅಲ್ಲಿಯೇ. ಆ ಗೋಡೆಯೊಳಗೆ ಹೋದ ವ್ಯಸನಿಗೂ ಮನೋವೈದ್ಯರ ಭೇಟಿ, ಬಿಡುಗಡೆಯ ದಿನವೇ ಆಸ್ಪತ್ರೆಯ ಚೀಟಿ ದೊರೆಯುವಂತಾಗಲಿ. ಕಾಪು, ಕಾರ್ಕಳಗಳ ದಿನಗೂಲಿಯ ಹುಡುಗನಿಗೆ ವಾರವಾರವೂ ಕೂಲಿ ಬಿಟ್ಟು ಉಡುಪಿಗೆ ಹೋಗುವುದು ಸುಲಭವಲ್ಲ. ತಾಲ್ಲೂಕು ಮಟ್ಟದಲ್ಲಿಯೇ ಆಪ್ತಸಮಾಲೋಚನೆ ಸಿಗಲಿ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಅಕ್ರಮ ಮಾದಕ ದ್ರವ್ಯಗಳಿಗೆ ದಾಸರಾದ ಪ್ರತಿ 20 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿದೆ. ಉಳಿದ ಹತ್ತೊಂಬತ್ತು ಮಂದಿ ನಮ್ಮ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ, ಸೆರೆಮನೆಗಳಲ್ಲಿ ಇದ್ದಾರೆ.

ಪಾಲಕರಲ್ಲಿ ವಿನಂತಿ

ಮಗ ಜಾರಿದನೆಂದು ತಿಳಿದ ದಿನ ಹೊಡೆಯಬೇಡಿ, ಆಣೆ ಹಾಕಿಸಬೇಡಿ, ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಇನ್ನೊಬ್ಬರ ಮಗಳ ಬಾಳನ್ನು ಪಣಕ್ಕಿಡಬೇಡಿ. ಕೈಗೆ ನಗದು ಹಣ ಕೊಡುವುದನ್ನು ಕಡಿಮೆ ಮಾಡಿ, ನಿಮ್ಮ ಸಮಯವನ್ನು ಹೆಚ್ಚಾಗಿ ಕೊಡಿ. ವಾಯಿದೆಯ ದಿನಾಂಕವನ್ನೂ ಆಸ್ಪತ್ರೆಯ ದಿನಾಂಕವನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ನಮ್ಮ ಭಾಗದಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋರೋಗ ವಿಭಾಗವಿದೆ, ಉಡುಪಿಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ವ್ಯಸನಮುಕ್ತಿ ಶಿಬಿರಗಳಿಗೆ ಹೆಸರಾದುದು. ನ್ಯಾಯಾಲಯಕ್ಕೆ ವರದಿ ಬೇಕಾಗಿದ್ದರೆ, ಸೇರುವ ಸಂಸ್ಥೆಗೆ ಸರ್ಕಾರದ ಮನ್ನಣೆಯಿದೆಯೇ ಎಂಬುದನ್ನು ವಕೀಲರ ಮೂಲಕ ಮೊದಲೇ ಖಚಿತಪಡಿಸಿಕೊಳ್ಳಿ. ಯಾರನ್ನು ಕೇಳಬೇಕೆಂದೇ ತೋಚದಿದ್ದರೆ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಇವೆ.

ಇಳಕಲ್ಲಿನ ಚಿತ್ತರಗಿ ಸಂಸ್ಥಾನದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಚಾಚಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಅದಕ್ಕೂ ಎಂಟು ಶತಮಾನಗಳಿಗೂ ಹಿಂದೆ ಹೆಂಡ ಮಾರುವ ಕಾಯಕದ ಮಾರಯ್ಯನನ್ನು ಶರಣರು ತಮ್ಮೊಳಗೊಬ್ಬನೆಂದು ಕಂಡರು. ಆ ಜೋಳಿಗೆಯನ್ನು ನೆನೆದಾಗಲೆಲ್ಲ ನನಗನಿಸುವುದು ಇಷ್ಟು: ಒಮ್ಮೆ ಹಾಕಿದ್ದನ್ನು ಮರಳಿ ಎತ್ತಿಕೊಂಡವನು ನಾಚಿ ದೂರ ನಿಂತಿದ್ದರೆ, ಜೋಳಿಗೆ ಅವನ ಬಾಗಿಲಿಗೆ ಎರಡನೆಯ ಸಲವೂ, ಮೂರನೆಯ ಸಲವೂ ಹೋಗಬೇಕು. ನಿಮ್ಮ ಮನೆಯಲ್ಲಿ ಅಂಥವನಿದ್ದರೆ ಈ ಸಂಚಿಕೆಯನ್ನು ಮಡಚಿಟ್ಟು, ಇಂದೇ ಅವನ ಪಕ್ಕದಲ್ಲಿ ಕುಳಿತು, 'ನಿಜ ಹೇಳಪ್ಪಾ, ನಾನು ಜೊತೆಗೆ ಬರ್ತೀನಿ' ಎಂದು ಹೇಳಿ.